ತೋಟಾಕ್ಕೆ ಸವರಿದ ಕೊಬ್ಬು

1857ರ ದಂಗೆಯ ಮಾತು ಬಂದಾಗಲೆಲ್ಲ ಹಸು, ಹಂದಿಗಳ ಕೊಬ್ಬಿನ ಕತೆ ಬರುತ್ತದೆ. ಗುಂಡಿಗೆ ಕೊಬ್ಬೇಕೆ ಎಂದು ಕೇಳುವವರು ಕಡಿಮೆ.

ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗೆ ಸುರುಳಿಯಾಗಿ ಸಾಗುವ ಮೂರು ತೋಡುಗಳಿದ್ದವು. ನಳಿಗೆಯ ಒಳವ್ಯಾಸ 0.577 ಅಂಗುಲ, ಸೀಸದ ಗುಂಡಿನದು 0.568. ಕಾಗದ ಸುತ್ತಿದ ಗುಂಡನ್ನು ಮೇಲಿನಿಂದ ಗಜದಲ್ಲಿ ತಳ್ಳಬೇಕು. ಮದ್ದು ಸಿಡಿದಾಗ ಅದರ ಟೊಳ್ಳು ಬುಡ ಅರಳಿ, ತೋಡುಗಳನ್ನು ಹಿಡಿದು, ತಿರುಗುತ್ತ ಹೊರಬೀಳುತ್ತಿತ್ತು. ಆದರೆ ಹಲವು ಸಲ ಹಾರಿಸಿದರೆ ಮದ್ದಿನ ಮಸಿ ಗಟ್ಟಿಯಾಗಿ ಕೂತು ಮುಂದಿನ ಗುಂಡು ಇಳಿಯದು. ಮಸಿ ಮೆತ್ತಗಿರಲು ಜಿಡ್ಡು ಬೇಕೇ ಬೇಕು. ಅದಕ್ಕೆ ಬಳಸಿದ್ದು ಬಹುಪಾಲು ಕೊಬ್ಬು, ಸ್ವಲ್ಪ ಜೇನುಮೇಣ. ಯಾವ ಪ್ರಾಣಿಯ ಕೊಬ್ಬೆಂದು ಸರ್ಕಾರ ಪರೀಕ್ಷಿಸಲೇ ಇಲ್ಲ, ಎಡವಿದ್ದು ಅಲ್ಲೇ. ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತಲ್ಲ!

ಜನವರಿಯಲ್ಲಿ ಕಲ್ಕತ್ತೆ ಬಳಿಯ ಡಂಡಂನಲ್ಲಿ ಗುಸುಗುಸು ಎದ್ದಾಗ, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಲಿ ಎಂದಿತು ಸರ್ಕಾರ. ಮುಂದೆ ಕೈಯಿಂದ ಹರಿಯಲೂ ಒಪ್ಪಿತು. ಅಷ್ಟರಲ್ಲಿ ಶಂಕೆ ಕಾಗದದ ಹೊಳಪಿಗೂ ಹಬ್ಬಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲಿಲ್ಲ. ಅವರಿಗೆ ಕೊಟ್ಟದ್ದಾದರೋ ಹಳೆಯ ತೋಟಾಗಳನ್ನೇ! ಮೇ 9ರಂದು ಅವರ ಕಾಲಿಗೆ ಬೇಡಿ ಬಿತ್ತು. ಮರುದಿನ ಸಂಜೆ ಮೀರತ್ ಹೊತ್ತಿಕೊಂಡಿತು.

ಕೊಬ್ಬು ಬಿಸಿಲಿಗೆ ಕರಗುತ್ತಿತ್ತು, ಸೀಸವನ್ನೂ ತಿನ್ನುತ್ತಿತ್ತು. ಬ್ರಿಟಿಷರು ಕೊನೆಗೆ ಪಾಕವನ್ನೇ ತಿರುಗುಮುರುಗು ಮಾಡಿ ಐದು ಪಾಲು ಮೇಣಕ್ಕೆ ಒಂದು ಪಾಲು ಕೊಬ್ಬು ಬೆರೆಸಿದರು, ಗುಂಡನ್ನು 0.55 ಅಂಗುಲಕ್ಕೆ ಇಳಿಸಿದರು.