ಎಲ್ಲ ತಟ್ಟೆಗೂ ಒಂದೇ ತಕ್ಕಡಿಯೆ?

ಧ್ವನಿಮುದ್ರಿಕೆಗಳ ವಿಚಾರದಲ್ಲಿ ಅಭಿಪ್ರಾಯಭೇದವಿಲ್ಲದ ಮನೆ ಯಾವುದು? ಅಜ್ಜನಿಗೆ ರಾಗವಿಲ್ಲದುದು ಸಂಗೀತವೇ ಅಲ್ಲ. ಮೊಮ್ಮಗನಿಗೆ ರಾಗವೆಂದರೆ ಆಕಳಿಕೆ. ಇಬ್ಬರೂ ತಮ್ಮ ತಮ್ಮ ತಕ್ಕಡಿಯಲ್ಲಿಯೇ ಎಲ್ಲವನ್ನೂ ತೂಗುವವರು.

ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು 3 ನಿಮಿಷಗಳ ಗಾನ. ಉಸ್ತಾದ್ ಅಬ್ದುಲ್ ಕರೀಂ ಖಾನರು ಅಷ್ಟರಲ್ಲಿಯೇ ರಾಗದ ಸಾರವನ್ನು ಎರೆದರು. ಅಲ್ಲಿ ವಿಸ್ತಾರವಾದ ಆಲಾಪವನ್ನು ಹುಡುಕುವುದು ಚುಟುಕದಲ್ಲಿ ಮಹಾಕಾವ್ಯವನ್ನು ಅರಸಿದಂತೆ.

1948ರಲ್ಲಿ ದೀರ್ಘಾವಧಿಯ ತಟ್ಟೆ ಬಂದಿತು. ಮಗ್ಗುಲಿಗೆ 20 ನಿಮಿಷಗಳಿಗೂ ಮಿಕ್ಕ ಅವಕಾಶ. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಅಮೆರಿಕದಲ್ಲಿ ಅಂಥ ತಟ್ಟೆಯನ್ನೇರಿದಾಗ ಪಿಟೀಲುವಾದಕ ಯೆಹೂದಿ ಮೆನುಹಿನ್ ಪರಿಚಯದ ಮಾತುಗಳನ್ನಾಡಿದರು. ಅಪರಿಚಿತ ಸಂಗೀತದೊಡನೆ ಅದರ ಅಳತೆಗೋಲೂ ಕೇಳುಗರ ಕೈಸೇರಿತು.

ಮೈಲ್ಸ್ ಡೇವಿಸರ ‘ಕೈಂಡ್ ಆಫ್ ಬ್ಲೂ’ (1959) ಜಾಸ್ ಸಂಗೀತದ್ದು. ಅಲ್ಲಿ ವಾದಕರು ಕೆಲವೇ ಸ್ವರಶ್ರೇಣಿಗಳನ್ನು ಹಿಡಿದು ನಿಧಾನವಾಗಿ ಮನೋಧರ್ಮವನ್ನು ಬೆಳೆಸುತ್ತಾರೆ. ಅಜ್ಜನಿಗೂ ಅದು ತೀರ ಪರಕೀಯವೆನಿಸಲಾರದು. ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ (1967) ಸಂತೂರ್, ಕೊಳಲು, ಗಿಟಾರ್‌ಗಳು ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಚಿತ್ರಿಸುತ್ತವೆ. ಮೊಮ್ಮಗನಿಗೆ ರಾಗದ ಬಾಗಿಲು ಅಲ್ಲಿ ತೆರೆದೀತು. ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ಟಿನಲ್ಲಿ (1978) ತೂಗಬೇಕಾದುದು ಸ್ವರಪ್ರಸ್ತಾರವನ್ನಲ್ಲ, ನಿಸಾರ್ ಅಹಮದರ ಕವಿತೆ ಕಿವಿಯಿಂದ ಹೃದಯಕ್ಕೆ ಇಳಿಯುವ ಬಗೆಯನ್ನು.

ಹಾಗೆಂದು ಎಲ್ಲದಕ್ಕೂ ತಲೆದೂಗುವುದು ರಸಿಕತೆಯಾಗದು. ಮಾಡಹೊರಟುದನ್ನು ಈ ಮುದ್ರಿಕೆ ಮಾಡಿತೆ? ಮೊದಲು ಈ ಪ್ರಶ್ನೆ, ಅನಂತರ ತೀರ್ಪು. ಅಜ್ಜ-ಮೊಮ್ಮಕ್ಕಳ ಜಗಳ ಅದರಿಂದ ನಿಲ್ಲದಿರಬಹುದು. ಆದರೆ ಇಬ್ಬರೂ ಒಂದೇ ತಟ್ಟೆಯನ್ನು ಕೊನೆಯವರೆಗೆ ಕೇಳಿಯಾರು.