ಕಪ್ಪಾದ ಡೇರೆ ಗಿಡ ಬಿಸಾಕಬೇಡಿ

ಇಂಗ್ಲೆಂಡಿನಲ್ಲಿರೋ ಕೇಳುಗರೊಬ್ಬರ ಪ್ರಶ್ನೆ: ‘ಡೇಲಿಯಾ ಗಿಡ ಒಂದೇ ರಾತ್ರೀಲಿ ಕಪ್ಪಾಯ್ತು, ಬಿಸಾಕ್ಲಾ?’

ಬೇಡ! ಡೇಲಿಯಾ ಅಂದ್ರೆ ನಮ್ಮ ಮಲೆನಾಡಿನ ಡೇರೆ ಹೂವು. ಮೂಲ ಮೆಕ್ಸಿಕೋ, ಹಾಗಾಗಿ ಹೆಪ್ಪುಗಟ್ಟುವ ಚಳಿ ತಡೆಯಲ್ಲ. ಎಲೆ ಸುಟ್ಟಂತಾದರೂ ಜೀವ ಮಣ್ಣೊಳಗಿನ ಗಡ್ಡೆಯಲ್ಲಿರುತ್ತೆ. ಬಿ.ಕಾಂ. ಭಾಷೇಲಿ ಹೇಳೋದಾದ್ರೆ ಹೂವು ಲಾಭ, ಗಡ್ಡೆ ಬಂಡವಾಳ.

ಕಾಂಡವನ್ನು 15 ಸೆಂ.ಮೀ. ಬಿಟ್ಟು ಕತ್ತರಿಸಿ, ಗಡ್ಡೆ ಅಗೆದು, ಮಣ್ಣು ಕೊಡವಿ, ತಲೆಕೆಳಗಾಗಿ ಒಣಗಿಸಿ. ಕಾಂಡ ಪೊಳ್ಳು, ಒಳಗೆ ನೀರು ನಿಂತ್ರೆ ಗಡ್ಡೆ ಕೊಳೆಯುತ್ತೆ. ಆಮೇಲೆ ಒಣ ಮರಳಲ್ಲಿ ಹೂತು, ಹೆಪ್ಪುಗಟ್ಟದ ಜಾಗದಲ್ಲಿಡಿ. ಹೊರಗೆ ನೆಡೋದು ಮೇ ಕೊನೆಗೆ, ಅವಸರ ಬೇಡ.

ಆಗ ಗಡ್ಡೆ ಭಾಗ ಮಾಡಿ ಸ್ನೇಹಿತರಿಗೂ ಕೊಡ್ಬಹುದು. ಆದ್ರೆ ಪ್ರತಿ ತುಂಡಿಗೂ ಕಾಂಡದ ಬುಡದ ಕಣ್ಣು ಇರ್ಲೇಬೇಕು. ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪ ಇದ್ರೂ ಚಿಗುರಲ್ಲ.