*ಹೊಡೆದು ಬೆಳೆಸಿದ ಮಗು ಹೊಡೆಯುವುದನ್ನೇ ಕಲಿಯುತ್ತದೆ*



ಬಿ.ಪಿ., ಕೊಲೆಸ್ಟ್ರಾಲ್ ಬಗ್ಗೆ ಬರೆಯುವ ಹೃದ್ರೋಗ ತಜ್ಞ ನಾನು. ಇವತ್ತು ಮಕ್ಕಳ ಸಿಟ್ಟಿನ ಬಗ್ಗೆ ಬರೆಯುತ್ತಿದ್ದೇನೆ. ಕಾರಣ ನನ್ನ ಮನೆಯಲ್ಲೇ ಇದೆ.

ಈಗ ವಿಶಾಖಪಟ್ಟಣದಲ್ಲಿದ್ದೇವೆ. ಆಗ ಮೈಸೂರಿನಿಂದ ವಿಜಯವಾಡಕ್ಕೆ ಬಂದ ಹೊಸತು. ನಾಲ್ಕು ವರ್ಷದ ಮಗ ಆಟದಲ್ಲಿ ಪಕ್ಕದ ಮನೆ ಹುಡುಗನಿಗೆ ಹೊಡೆದ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದಿದ್ದ ನಾನು ಅವನ ಬೆನ್ನಿಗೊಂದು ಬಾರಿಸಿ, "ಹೊಡೀಬಾರ್ದು ಅಂತ ಎಷ್ಟು ಸಲ ಹೇಳ್ಬೇಕು?" ಎಂದೆ. ಎರಡು ದಿನದ ನಂತರ ಅವನು ಪುಟ್ಟ ತಂಗಿಯ ಬೆನ್ನಿಗೆ ಹೊಡೆದು, ನನ್ನದೇ ದನಿಯಲ್ಲಿ ಅದೇ ಮಾತು ಹೇಳಿದ!

1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೇ ಹೊಡೆದರು, ಬೈದ ಮಾತನ್ನೂ ಅನುಕರಿಸಿದರು.

*ಇದು ಸಹಜವೇ?*
ಎರಡರಿಂದ ನಾಲ್ಕು ವರ್ಷದ ಮಕ್ಕಳು ಹೊಡೆಯುವುದು, ಕಚ್ಚುವುದು, ತಳ್ಳುವುದು ಸಾಮಾನ್ಯ. ಮಾತು ಬೆಳೆದಂತೆ ಹೆಚ್ಚಿನವರಲ್ಲಿ ಇದು ತಗ್ಗುತ್ತದೆ. ಹೊಡೆದು ಬಡಿದು ಬೆಳೆಸಿದರೆ ತಗ್ಗುವ ಬದಲು ಹೆಚ್ಚಬಹುದು. ರಂಪ ಮಾಡಿದಾಗಲೆಲ್ಲ ಕೇಳಿದ್ದು ಕೊಟ್ಟರೆ ರಂಪವೇ ದಾರಿ ಎಂದು ಮಗು ಕಲಿಯುತ್ತದೆ. ಪ್ರೀತಿಯೂ ಇರಬೇಕು, ನಿಯಮವೂ ಇರಬೇಕು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ" ಎನ್ನುತ್ತೇವೆ. ನಿಜ. ಆದರೆ ಎಳೆ ಗಿಡವನ್ನು ನಿಧಾನವಾಗಿ ಬಗ್ಗಿಸಬೇಕು, ಮುರಿಯಬಾರದು.

*ಏನು ಮಾಡಬೇಕು?*

1. ಎತ್ತಿದ ಕೈಯನ್ನು ಮೆಲ್ಲಗೆ ಹಿಡಿದು, "ಹೊಡೆಯೋಕೆ ಬಿಡಲ್ಲ" ಎನ್ನಿ. ಭಾಷಣ ಬೇಡ.

2. ಸಿಟ್ಟಿಗೆ ಮಾತು ಕೊಡಿ: "ಚೆಂಡು ಕಿತ್ಕೊಂಡ್ರು ಅಂತ ಕೋಪ ಬಂತಾ ಪುಟ್ಟಾ?" ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಬೀದಿಯ ತೆಲುಗು ಬಾರದಿದ್ದಾಗ ಕೈ ಮುಂದಾಗುತ್ತದೆ. "ನಾಕು ಇವ್ವು", "ವದ್ದು" ಎಂಬ ಎರಡು ಮಾತು ಕಲಿಸಿ. ಮನೆಯಲ್ಲಿ ಕನ್ನಡ ಬಿಡಬೇಡಿ.

3. ರಂಪ ನಿಲ್ಲಿಸಲು ಮೊಬೈಲ್ ಕೊಡಬೇಡಿ. ಅಪ್ಪ, ಅಮ್ಮ, ಊರಿಂದ ವಿಡಿಯೋ ಕಾಲ್ ಮಾಡುವ ಅಜ್ಜಿ, ಎಲ್ಲರದೂ ಒಂದೇ ಮಾತಿರಲಿ.

4. ಹೊಡೆಯದೆ ಬಾಯಿಬಿಟ್ಟು ಕೇಳಿದಾಗ ತಪ್ಪದೆ ಹೊಗಳಿ.

5. ನಿದ್ದೆಗೆಟ್ಟ ಮಗು ಬೇಗ ಸಿಡುಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ 3-4 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಟಿ.ವಿ.-ಮೊಬೈಲ್ ಒಂದು ಗಂಟೆ ಮೀರಬಾರದು.

*ಹೃದಯಕ್ಕೂ ಇದಕ್ಕೂ ಏನು ಸಂಬಂಧ?*
ಒಂದು ಏಟಿನಿಂದ ಹೃದ್ರೋಗ ಬರುವುದಿಲ್ಲ, ಗಾಬರಿ ಬೇಡ. ಆದರೆ ಬಾಲ್ಯದಲ್ಲಿ ಹಿಂಸೆ ಮತ್ತು ಇತರ ಸಂಕಷ್ಟಗಳನ್ನು ಹೆಚ್ಚು ಅನುಭವಿಸಿದವರಲ್ಲಿ ದೊಡ್ಡವರಾದ ಮೇಲೆ ಹೃದ್ರೋಗವೂ ಹೆಚ್ಚು ಎಂದು 1998ರ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು.

*ಯಾವಾಗ ವೈದ್ಯರ ಬಳಿ?*
ಮಗು ತನಗೋ ಇತರರಿಗೋ ಗಾಯ ಮಾಡುತ್ತಿದ್ದರೆ, ಮಾತು ತಡವಾಗಿದ್ದರೆ, ಐದು ದಾಟಿದರೂ ಹೊಡೆತ ತಗ್ಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮಗೇ ಸಿಟ್ಟು ತಡೆಯಲಾಗದಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಅವತ್ತು ರಾತ್ರಿ ಮಗನ ಪಕ್ಕ ಕೂತು, "ಅಪ್ಪ ಹೊಡೆದದ್ದು ತಪ್ಪು ಕಣೋ" ಎಂದೆ. ಅವನು ಏನೂ ಹೇಳದೆ ನನ್ನ ತೋಳಿನ ಮೇಲೆ ಮಲಗಿದ. ಆಮೇಲೆ ನಾನು ಕೈ ಎತ್ತಿಲ್ಲ. ಅವನ ಹೊಡೆತ ನಿಲ್ಲಲು ತಿಂಗಳುಗಳೇ ಬೇಕಾದವು, ಆದರೆ ನಿಂತಿತು.

ಪುಟ್ಟ ಮಕ್ಕಳಿರುವ ನಮ್ಮ ಕನ್ನಡದ ಮನೆಗಳಿಗೆ ಇದನ್ನು ಕಳಿಸಿ. 🙏